ಗೂಬೆ ಕೂರಿಸಿದ ಸೀನು

ದೊಡ್ಡಪ್ಪ, ನಮಸ್ಕಾರ.

ಇಲ್ಲಿ ಕಾಡಿನ ಮರಗಳಿಗೆ ರೆಕಾರ್ಡರ್ ಕಟ್ಟಿದ್ದೇವೆ. ಕೂಗಿದ ಹಕ್ಕಿ ಯಾವುದೆಂದು ಕಂಪ್ಯೂಟರಿನ ಎಐ ಕೇಳಿ ಹೇಳುತ್ತದೆ. ಮೂವತ್ತು ವರ್ಷದಿಂದ ಯಾರ ಕಿವಿಗೂ ಬೀಳದ ಗೂಬೆ ಸಿಕ್ಕಿದೆ ಎಂದು ಮೊನ್ನೆ ಹೇಳಿತು. ಪ್ರೊಫೆಸರ್ ಮೇಡಂ ಕುಣಿದಾಡಿ, ಪ್ರಬಂಧದ ತಲೆಬರಹವನ್ನೂ ಬರೆದುಬಿಟ್ಟರು. ನಾನು ಆ ಕೂಗು ಕೇಳಿದೆ, ಕೂಡಲೇ ಗುರುತು ಸಿಕ್ಕಿತು.

"ಮೇಡಂ, ಆ ಗೂಬೆ ನಾನೇ. ಬ್ಯಾಟರಿ ಹಾಕುವಾಗ ಸೀನಿದ್ದೆ."

ಅವರು ಬಿದ್ದು ಬಿದ್ದು ನಕ್ಕರು. "ಸೀನು ಬೇರೆ, ಗೂಬೆ ಬೇರೆ ಅಂತ ಅದಕ್ಕೆ ಕಲಿಸೋಣ. ಇಂಥವೇ ಇನ್ನೂ ಹತ್ತು ಸೀನು ಬೇಕಲ್ಲ!"

ನನ್ನ ನೆಗಡಿ ವಾಸಿಯಾಗಿದೆ, ಈಗ ಬೇಕೆಂದರೂ ಸೀನು ಬರುತ್ತಿಲ್ಲ. ಬೀದಿಯೇ ಬೆಚ್ಚಿಬೀಳುವ ನಿಮ್ಮ ಸೀನನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಮನೆತನದ ಸೀನು ಇದು. ನನ್ನೊಬ್ಬಳ ಮೇಲೇ ಗೂಬೆ ಕೂರಿಸಬೇಡಿ.

ನಿಮ್ಮ ಪುಟ್ಟಿ