ಪಿಚ್ಚೈಯಮ್ಮಾಳ್‌ಗೆ ರಾಜಾಪಾರ್ಟು

ಕಂಬಂ
ಸೋಮವಾರ ಬೆಳಿಗ್ಗೆ

ಪ್ರೀತಿಯ ಸರಸಕ್ಕನಿಗೆ,

ನಿನ್ನ ಚಿಕ್ಕಪ್ಪನ ಮಗಳು ಅಮುದಾ ಮಾಡುವ ನಮಸ್ಕಾರ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನಾಟಕದವರ ವಾಟ್ಸಾಪ್ ಗುಂಪಿನಿಂದಲೂ ಹೊರಗೆ ಹೋಗಿದ್ದೀಯ. ಅದಕ್ಕೇ ಈ ಕಾಗದ. ದೊಡ್ಡಪ್ಪ ದ್ರಾಕ್ಷಿ ಲಾರಿಯ ಜೊತೆ ಮೈಸೂರಿಗೆ ಹೋದಾಗ ತಂದುಕೊಟ್ಟ ಒಂದನೇ ಕ್ಲಾಸಿನ ಪುಸ್ತಕದಲ್ಲಿ ತಮಿಳು ಶಾಲೆಗೆ ಹೋಗುತ್ತಿದ್ದ ನಾವಿಬ್ಬರೂ ಕನ್ನಡ ಅಕ್ಷರ ತಿದ್ದಿದ್ದೆವಲ್ಲ, ಅದು ಇವತ್ತು ಉಪಯೋಗಕ್ಕೆ ಬಂತು. ಈ ಮನೆಯಲ್ಲಿ ಕನ್ನಡ ಮಾತಾಡುವವರು ಎಲ್ಲರೂ, ಓದುವವಳು ನಾನೊಬ್ಬಳೇ. ನಾನು ತಪ್ಪೊಪ್ಪಿಕೊಳ್ಳುವುದನ್ನು ನಮ್ಮೆಜಮಾನರು ಓದದಿದ್ದರೆ ಒಳ್ಳೆಯದೇ.

ನಿನ್ನೆ ಸಂಜೆ ನಮ್ಮ ನಾಟಕಾಭಿಮಾನಿಗಳ ಸಂಘದ ನಾಟಕ ಆಯಿತು. ಕಲ್ಯಾಣ ಮಂಟಪದ ತುಂಬ ಜನ. ಆದರೂ ನಿನಗೆ ಹೇಳುವ ತನಕ ನಾನು ಅದನ್ನು ನೋಡಿದ ಹಾಗೇ ಅನ್ನಿಸುತ್ತಿಲ್ಲ.

ಮೂವತ್ತು ವರ್ಷ ಆಯಿತಲ್ಲಕ್ಕ ನಮ್ಮ ಈ ಹುಚ್ಚಿಗೆ. ಚಿನ್ನಮನೂರು, ಆಂಡಿಪಟ್ಟಿ, ಬತ್ತಲಗುಂಡು, ಎಲ್ಲಿ ಹಾಡುವ ನಾಟಕವಿದ್ದರೂ ಹೋಗಿ ಎಲ್ಲರಿಗಿಂತ ಮುಂದೆ ಚಾಪೆ ಹಾಸುತ್ತಿದ್ದೆವು. ನಮ್ಮ ಕಡೆಯ ನಾಟಕಕ್ಕೆ ಕಂಪನಿಯೂ ಇಲ್ಲ, ತಾಲೀಮೂ ಇಲ್ಲ. ನಾಯಕನಾಗುವ ರಾಜಾಪಾರ್ಟಿನವರು ಒಂದೂರಿಂದ, ನಾಯಕಿಯಾಗುವ ಸ್ತ್ರೀಪಾರ್ಟಿನವರು ಇನ್ನೊಂದೂರಿಂದ ಬಂದು ಎಷ್ಟೋ ಸಲ ರಂಗದ ಮೇಲೇ ಮೊದಲು ಮುಖ ನೋಡಿಕೊಳ್ಳುತ್ತಾರೆ. ಹಾಗಾಗಿ ಯಾರ ಜೊತೆ ಯಾರು ಎನ್ನುವುದೇ ನಮಗೆ ಅರ್ಧ ನಾಟಕ. ದಿಂಡಿಗಲ್‌ನಲ್ಲಿ ನೀನು ಹೊಲಿಗೆ ಮೆಷಿನ್ ತುಳಿಯುತ್ತಾ, ಇಲ್ಲಿ ನಾನು ದ್ರಾಕ್ಷಿ ಗೊಂಚಲು ಕತ್ತರಿಸುತ್ತಾ, ಎಷ್ಟು ಜೋಡಿಗಳನ್ನು ಕೂಡಿಸಿಲ್ಲ, ಎಷ್ಟು ಮುರಿದಿಲ್ಲ! ಇಬ್ಬರೂ ಒಪ್ಪುತ್ತಿದ್ದದ್ದು ಒಂದೇ ಹೆಸರು, ಆಂಡಿಪಟ್ಟಿಯ ಪಿಚ್ಚೈಯಮ್ಮಾಳ್. ಅವರೂ ನಮ್ಮ ಹಾಗೆ ಕನ್ನಡ ಮಾತಿನ ಮನೆಯವರೇ ಅನ್ನುವ ಅಭಿಮಾನವೂ ಇತ್ತು. ‘ಮಣಿಮುತ್ತು’ ನಾಟಕದಲ್ಲಿ, ವ್ಯಾಪಾರಕ್ಕೆ ಹೋಗಿ ಸಮುದ್ರದಲ್ಲಿ ಕಳೆದುಹೋದ ಗಂಡ ಹನ್ನೆರಡು ವರ್ಷದ ಮೇಲೆ ವೇಷ ಮರೆಸಿಕೊಂಡು ಬರುತ್ತಾನೆ. ಹೆಂಡತಿ ಮಣಿಮುತ್ತುವಿನ ಗುರುತು ಸಿಕ್ಕರೂ ಹೇಳದೆ, ಅವಳ ಮನಸ್ಸು ತಿಳಿಯಲು ಹಾಡಿನಲ್ಲೇ ತರ್ಕ ಹೂಡುತ್ತಾನೆ. ಆ ತರ್ಕದಲ್ಲಿ ಪಿಚ್ಚೈಯಮ್ಮಾಳ್ ಮಣಿಮುತ್ತುವಾಗಿ ಕೊಡುತ್ತಿದ್ದ ಉತ್ತರಗಳನ್ನು ನಾವು ಬಸ್ಸಿನಲ್ಲಿ ಮನೆಯವರೆಗೂ ಹಾಡಿಕೊಂಡು ಬರುತ್ತಿದ್ದೆವು.

ಸಂಘದ ಹತ್ತನೇ ವರ್ಷಕ್ಕೆ ‘ಮಣಿಮುತ್ತು’ವನ್ನೇ ಆಡಿಸುವುದು, ವೇಷ ಹಂಚುವ ಕೆಲಸ ನನ್ನದು ಎಂದು ತೀರ್ಮಾನವಾದಾಗ ನಾನು ಗುಂಪಿನಲ್ಲಿ ಬರೆದೆ: ಸ್ತ್ರೀಪಾರ್ಟು ಪಿಚ್ಚೈಯಮ್ಮಾಳ್, ರಾಜಾಪಾರ್ಟು ರಾಮ್‌ಕುಮಾರ್. ಆಗ ನೀನು ಫೋನ್ ಮಾಡಿ ಹೇಳಿದ್ದು ಮರೆತಿಲ್ಲ. “ಪಿಚ್ಚೈಯಮ್ಮಾಳ್‌ಗೆ ಅರವತ್ತೆರಡು ಕಣೇ. ಕೊರಲು ಕೆಳಗಿಳಿದೈತೆ, ಆದ್ರೆ ಒಡ್ದಿಲ್ಲ. ರಾಜಾಪಾರ್ಟು ಕಟ್ಸು. ಕಾಳಿಯಮ್ಮಾಳ್ ಅಂತ ಒಂದು ಹೊಸ ಹುಡ್ಗಿ ಬಂದವ್ಳೆ, ಅವ್ಳು ಮಣಿಮುತ್ತು ಆಗ್ಲಿ.” ನಾನು ಉರಿದುಬಿದ್ದೆ. ಅಷ್ಟು ದೊಡ್ಡ ಕಲಾವಿದೆಗೆ ಮೀಸೆ ಬರೆದು ನಗೆಪಾಟಲು ಮಾಡುವುದಾ ಎಂದೆ. “ನೀನು ಆವಮ್ಮನ್ನ ಹಳೇ ಫೋಟೋ ಒಳಗೇ ಇಟ್ಕೊಂಡಿದ್ದೀಯಾ ಅಮುದಾ, ಹೊರಗೆ ಬಿಡು” ಅಂದೆ ನೀನು. ನಾನು ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ಗುಂಪಿಗೆ ಹೋಗಿ ಎಲ್ಲರ ಮುಂದೆ, ‘ನಮ್ಮಕ್ಕನಿಗೆ ಜಾಕೆಟ್ಟು ಅಳೆಯಲು ಗೊತ್ತು, ವೇಷ ಅಳೆಯಲು ಗೊತ್ತಿಲ್ಲ’ ಎಂದು ಬರೆದೆ. ನಲವತ್ತು ಜನ ನಗುವ ಬೊಂಬೆ ಹಾಕಿದರು. ಒಂದು ಗಂಟೆಯಲ್ಲಿ ನೀನು ಗುಂಪು ಬಿಟ್ಟೆ. ನಾಲ್ಕು ತಿಂಗಳಾಯಿತು.

ಮಾರನೇ ವಾರ ನಾನು ಆಂಡಿಪಟ್ಟಿಗೆ ಹೋದೆ. ಪಿಚ್ಚೈಯಮ್ಮಾಳ್ ಅಂಗಳದಲ್ಲಿ ಕಡಲೆಕಾಯಿ ಒಣಹಾಕಿಕೊಂಡು ಕುಳಿತಿದ್ದರು. ಮಣಿಮುತ್ತು ಕಟ್ಟಬೇಕಮ್ಮಾ ಎಂದೆ. ಅವರು ಕುಳಿತಲ್ಲೇ ಮಣಿಮುತ್ತುವಿನ ಮೊದಲ ಹಾಡು ತೆಗೆದರು. ಎರಡನೇ ಸಾಲು ಮೇಲೇರಬೇಕಾದ ಕಡೆ ಗಂಟಲು ಕೈಕೊಟ್ಟಿತು. ಅಕ್ಕ, ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. “ಕೇಳ್ದೆಯಾ ತಾಯೀ? ಎರಡು ವರ್ಷದಿಂದ ಯಾರು ಕರೆದ್ರೂ ಕಾಲುನೋವು ಅಂತೀನಿ. ಕೊರಲು ಹೋಯ್ತು ಅನ್ನಕ್ಕೆ ನಾಚ್ಕೆ” ಅಂದರು.

ಆಗ ನನ್ನ ಬಾಯಿಂದ ನಿನ್ನ ಮಾತು ಬಂತು. ದಿಂಡಿಗಲ್‌ನಲ್ಲಿ ನಮ್ಮಕ್ಕ ಒಬ್ಬಳಿದ್ದಾಳೆ, ನೀವು ರಾಜಾಪಾರ್ಟು ಕಟ್ಟಬೇಕೆನ್ನುತ್ತಾಳೆ ಎಂದೆ. ಅದನ್ನು ಕೇಳಿ ನಾನು ಉರಿದುಬಿದ್ದಿದ್ದನ್ನು ಹೇಳಲಿಲ್ಲ. ಅವರು ಕಡಲೆಕಾಯಿಯಲ್ಲಿ ಕೈಯಾಡಿಸಿದರು. ಆಮೇಲೆ ವ್ಯಾಪಾರಿ ದಡಕ್ಕೆ ಕಾಲಿಡುವಾಗಿನ ಹಾಡನ್ನು ತಗ್ಗಿನ ಶ್ರುತಿಯಲ್ಲಿ ಶುರುಮಾಡಿದರು. ಕತ್ತಲೆ ಕೋಣೆಯಲ್ಲಿ ಯಾರೋ ದೊಡ್ಡ ಮರದ ಪೆಟ್ಟಿಗೆ ಎಳೆದ ಹಾಗಿತ್ತು ಆ ದನಿ. ನೀರು ತರುತ್ತಿದ್ದ ಪಕ್ಕದ ಮನೆಯ ಹೆಂಗಸು ಕೊಡ ಸೊಂಟದ ಮೇಲಿಟ್ಟುಕೊಂಡೇ ನಿಂತುಬಿಟ್ಟಳು. ಹಾಡು ಮುಗಿಸಿ, “ಯಾರವ್ವಾ ಆ ನಿಮ್ಮಕ್ಕ? ಇಷ್ಟು ದಿನ ಎಲ್ಲಿದ್ಳು?” ಎಂದು ಕೇಳಿದರು.

ಅಲ್ಲಿಂದ ಬಂದವಳು ನೇರ ನಿನಗೆ ಹೇಳಬೇಕಿತ್ತು. ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ನನಗೂ ಬಿಗುಮಾನ ಬಂತು. ರಾಜಾಪಾರ್ಟು ಪಿಚ್ಚೈಯಮ್ಮಾಳ್, ಸ್ತ್ರೀಪಾರ್ಟು ಕಾಳಿಯಮ್ಮಾಳ್ ಎಂದು ಗುಂಪಿನಲ್ಲಿ ಹೊಸ ಪಟ್ಟಿ ಹಾಕಿದಾಗ ಮೊದಲು ಎಲ್ಲರೂ ಬೈದರು, ರಾಮ್‌ಕುಮಾರ್‌ನ ಅಭಿಮಾನಿಗಳಂತೂ ನಾಟಕಕ್ಕೇ ಬರುವುದಿಲ್ಲ ಎಂದರು. ಹಾರ್ಮೋನಿಯಂ ಜೆಯರಾಜ್ ಮಾತ್ರ, ‘ಎಂಥಾ ಯೋಚನೆ ಅಮುದಕ್ಕಾ’ ಎಂದು ಬರೆದ. ಇದು ನನ್ನ ಯೋಚನೆಯಲ್ಲ ಎಂದು ನಾನು ಬರೆಯಲಿಲ್ಲ. ಜಾಕೆಟ್ಟಿನ ಮಾತಿಗಿಂತ ಅದು ದೊಡ್ಡ ತಪ್ಪು.

ಇನ್ನು ನಿನ್ನೆಯದು ಕೇಳು. ಬರುವುದಿಲ್ಲ ಎಂದವರೆಲ್ಲ ಬಂದು ಕೈಕಟ್ಟಿ ಕುಳಿತಿದ್ದರು. ಐದು ಗಂಟೆಗೆ ಪಿಚ್ಚೈಯಮ್ಮಾಳ್ ರಂಗಕ್ಕೆ ಬಂದರು. ಪಂಚೆ, ನಡುಪಟ್ಟಿ, ತೆಳುವಾಗಿ ಎಳೆದ ಮೀಸೆ. ಹಿಂದಿನ ಸಾಲಿನಲ್ಲಿ ಒಬ್ಬ ಶಿಳ್ಳೆ ಹಾಕಿ, “ಪಾಟೀ, ಮೀಸೆ ಬಿದ್ದೀತು!” ಎಂದು ಮನೆಯ ಅಜ್ಜಿಯನ್ನು ಕರೆಯುವ ಹಾಗೆ ಕೂಗಿದ. ಜನ ನಕ್ಕರು. ಪಿಚ್ಚೈಯಮ್ಮಾಳ್ ಮೀಸೆಗೆ ಬೆರಳು ಹಾಕಿ, ಆ ಸಾಲಿನ ಕಡೆ ನೋಡಿ, “ಬಿದ್ರೆ ಎತ್ಕೊಡಪ್ಪಾ, ನಿಂಗಿನ್ನೂ ಬಂದಿಲ್ವಲ್ಲ” ಎಂದರು. ಮಂಟಪವೇ ಎದ್ದು ನಕ್ಕಿತು. ಆ ನಗು ಇಳಿಯುವುದರೊಳಗೆ ಹಾಡು ಹಿಡಿದರು. ಮೊದಲ ಚರಣ ಮುಗಿಯುವಷ್ಟರಲ್ಲಿ ಕಟ್ಟಿದ ಕೈಗಳು ತೊಡೆಯ ಮೇಲೆ ತಾಳ ಹಾಕುತ್ತಿದ್ದವು.

ತರ್ಕಕ್ಕೆ ಬರುತ್ತೇನೆ. ಕಾಳಿಯಮ್ಮಾಳ್‌ಗೆ ಇಪ್ಪತ್ತೆರಡು ವಯಸ್ಸು. ಚೆನ್ನಾಗಿ ಹಾಡುತ್ತಾಳೆ, ಆದರೆ ಎದುರಿಗೆ ನಿಂತವರು ಮೂವತ್ತು ವರ್ಷ ಮಣಿಮುತ್ತು ಆಗಿದ್ದವರು ಎಂಬ ಭಯ ಅವಳಿಗೆ. ನಾಲ್ಕು ಪ್ರಶ್ನೆಗೆ ಉತ್ತರ ಕೊಟ್ಟಳು. ‘ಹನ್ನೆರಡು ವರ್ಷ ಬಾರದವನನ್ನು ಇನ್ನೂ ಏಕೆ ಕಾಯುವೆ’ ಎಂಬ ಐದನೆಯದಕ್ಕೆ ನಿಂತುಬಿಟ್ಟಳು. ಜೆಯರಾಜ್ ಅದೇ ಸ್ವರವನ್ನು ಎಳೆಯುತ್ತಾ ಕಾದ. ನನ್ನ ಪಕ್ಕದಲ್ಲಿದ್ದವರೆಲ್ಲ ಉತ್ತರವನ್ನು ತುಟಿಯಲ್ಲಿ ಅನ್ನುತ್ತಿದ್ದಾರೆ, ಅವಳಿಗೆ ಮಾತ್ರ ಹೊಳೆಯುತ್ತಿಲ್ಲ. ಪಿಚ್ಚೈಯಮ್ಮಾಳ್ ಏನು ಮಾಡಿದರು ಗೊತ್ತಾ? ಪ್ರಶ್ನೆಯನ್ನೇ ಮತ್ತೆ ಹಾಡಿದರು, ನಿಧಾನವಾಗಿ, ಉತ್ತರದ ಮೊದಲ ಪದವನ್ನು ಪ್ರಶ್ನೆಯ ಕೊನೆಗೆ ಸೇರಿಸಿ, ರಾಗ ಕೆಡದ ಹಾಗೆ. ಆ ಹುಡುಗಿ ಅದನ್ನು ಹಿಡಿದು ಮೇಲಕ್ಕೆ ಹೋದಳು. ಆಂಡಿಪಟ್ಟಿಯ ಅಂಗಳದಲ್ಲಿ ಗಂಟಲು ಕೈಕೊಟ್ಟ ಆ ಎತ್ತರವನ್ನೂ ದಾಟಿ ಹೋದಳು. ಪಿಚ್ಚೈಯಮ್ಮಾಳ್ ತಲೆ ಎತ್ತಿ ಅವಳನ್ನೇ ನೋಡುತ್ತಾ ನಿಂತರು. ಅದು ಗಂಡ ಹೆಂಡತಿಯನ್ನು ನೋಡುವ ನೋಟವೋ, ತನ್ನ ಪಾರ್ಟನ್ನು ಇನ್ನೊಬ್ಬಳ ಕೈಗೆ ಕೊಟ್ಟವಳ ನೋಟವೋ, ನನಗೆ ಗೊತ್ತಾಗಲಿಲ್ಲ. ಮುಖದಲ್ಲಿ ದುಃಖವಂತೂ ಇರಲಿಲ್ಲ. ನಾನು ಅತ್ತುಬಿಟ್ಟೆ. ನಾಟಕವೆಂದರೆ ಆಕಳಿಸುವ ನಮ್ಮೆಜಮಾನರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಧೂಳು ಎಂದರು.

ಕೊನೆಯಲ್ಲಿ ಸಂಘದವರು ನನ್ನನ್ನು ಮೇಲೆ ಕರೆದು, ಇಂಥ ಜೋಡಿ ಕೂಡಿಸಿದವಳೆಂದು ಶಾಲು ಹೊದಿಸಲು ಬಂದರು. ನಾನು ಶಾಲನ್ನು ಕೈಯಲ್ಲೇ ತಡೆದು ಹಿಡಿದು ಮೈಕು ತೆಗೆದುಕೊಂಡೆ. ಈ ವೇಷ ಯೋಚಿಸಿದವಳು ದಿಂಡಿಗಲ್ಲಿನ ನಮ್ಮಕ್ಕ ಸರಸು, ನಾನು ಅವಳನ್ನು ನಿಮ್ಮೆಲ್ಲರ ಮುಂದೆ ಅವಮಾನ ಮಾಡಿದೆ, ಆಮೇಲೆ ಅವಳ ಯೋಚನೆಯನ್ನು ನನ್ನದೆಂದು ಇಟ್ಟುಕೊಂಡೆ ಎಂದು ತಮಿಳಿನಲ್ಲಿ ಒಂದು ಸಲ, ನಮ್ಮ ಮಾತಿನಲ್ಲಿ ಒಂದು ಸಲ ಹೇಳಿದೆ. ಪಿಚ್ಚೈಯಮ್ಮಾಳ್ ಮೀಸೆಯ ವೇಷದಲ್ಲೇ ಬಂದು ಆ ಶಾಲನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿದರು. “ಇದು ನಿಂದಲ್ಲ, ಅವ್ಳಿಗೆ ನಾನೇ ಕೊಡ್ತೀನಿ” ಅಂದರು.

ಶಾಲು ಅವರ ಹತ್ತಿರವೇ ಇದೆ. ಇದೇ ಜೋಡಿಯನ್ನು ಬತ್ತಲಗುಂಡಿನವರು ಮುಂದಿನ ಭಾನುವಾರ ಸಂಜೆಗೆ ಕರೆದಿದ್ದಾರೆ. ನಿನಗೆ ಒಂದು ಗಂಟೆಯ ದಾರಿಯೂ ಅಲ್ಲ. ನಾನು ಮೂರು ಗಂಟೆಯಿಂದ ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಮಾತಾಡಿಸಬೇಕೆಂದಿಲ್ಲ, ಪಕ್ಕದಲ್ಲಿ ಕುಳಿತರೆ ಸಾಕು. ಆದರೆ ಒಂದು ಹೇಳುತ್ತೇನೆ, ನಿನ್ನೆ ಜೆಯರಾಜ್ ಎರಡನೇ ಹಾಡಿಗೆ ಶ್ರುತಿ ತುಸು ಹೆಚ್ಚೇ ಇಟ್ಟಿದ್ದ ಅಂತ ನನಗನ್ನಿಸಿತು. ಇಲ್ಲಿ ಯಾರೂ ಒಪ್ಪುತ್ತಿಲ್ಲ. ನೀನು ಬಂದು ಕೇಳಿ ಹೇಳಬೇಕು.

ನಿನ್ನ ಕಣ್ಣು, ಕೈ, ಮೆಷಿನ್ನು ಎಲ್ಲ ಚೆನ್ನಾಗಿರಲಿ ಅಕ್ಕ. ಇನ್ನೂ ಮೂವತ್ತು ವರ್ಷ ಜಗಳಾಡುವಷ್ಟು ಆಯುಸ್ಸನ್ನು ದೇವರು ನಮ್ಮಿಬ್ಬರಿಗೂ ಕೊಡಲಿ.

ಬಸ್ ಸ್ಟ್ಯಾಂಡಿನಲ್ಲಿ ಕಾಯುವ ನಿನ್ನ ತಂಗಿ,
ಅಮುದಾ