ಏನನ್ನ ತೆಗೀತೀರಿ?

ಆಸ್ಪತ್ರೆಯಿಂದ
9-11-2023

ನನ್ನ ಚಿನ್ನ ನಿಷಾ,

ಹಾಸ್ಟೆಲಲ್ಲಿ ಸರಿಯಾಗಿ ಉಣ್ತಿದ್ದೀಯಾ? ನಿನಗೂ ಜ್ವರಗಿರ ಇಲ್ಲ ತಾನೆ? ಬರೆಯೋಕೆ ನಾಲ್ಕು ದಿನ ತಡವಾಯ್ತು, ಕೋಪ ಮಾಡ್ಕೋಬೇಡ. ಫೋನಲ್ಲಿ ನೀನು ಬೈದೆ, ನಾನು ಅತ್ತೆ, ಮಾತು ಅಲ್ಲಿಗೇ ನಿಂತಿತು. ನಾನು ಕಲಿಸಿದ ಕನ್ನಡ ಅಕ್ಷರ ನೀನು ಮರೆತಿಲ್ಲ ಅಂದ್ಕೊಂಡು ಬರೀತಿದ್ದೀನಿ.

"ಡಾಕ್ಟರ ಹತ್ರ ಜಗಳ ಆಡಿ ಮಾನ ಕಳೆದ್ಯಂತೆ" ಅಂದೆಯಲ್ಲ, ನಡೆದದ್ದು ಕೇಳು. ಅಪ್ಪನಿಗೆ ಜ್ವರ, ಎಡಪಕ್ಕೆಯಲ್ಲಿ ನೋವು. ಸ್ಕ್ಯಾನ್ ಮಾಡಿ, ಗುಲ್ಮದಲ್ಲಿ, ಅದೇ ಎಡಪಕ್ಕೆ ಒಳಗಿರೋ ಸ್ಪ್ಲೀನಲ್ಲಿ, ಕೀವು ತುಂಬಿದೆ ಅಂದ್ರು. ದೊಡ್ಡ ಡಾಕ್ಟರು "ಎಡುಕ್ಕಣಂ", ಅಂದ್ರೆ ತೆಗೀಬೇಕು, ಅಂತ ಒಪ್ಪಿಗೆ ಕಾಗದ ಚಾಚಿದ್ರು. ಎಲ್ಲಾ ಮಲಯಾಳ ಅಕ್ಷರ, ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ. ನಾನೋ ಕಬಿನಿ ಆಚೆ ಕನ್ನಡ ಶಾಲೆಯನ್ನ ನಾಲ್ಕನೇ ಕ್ಲಾಸಿಗೇ ಬಿಟ್ಟವಳು. ನಿನ್ನ ದೊಡ್ಡಪ್ಪ ಪದ್ಮನಾಭನ್ ಪೆನ್ನು ಕೈಗಿಟ್ಟು, "ಸಹಿ ಹಾಕಮ್ಮಾ, ನಂಗೆ ಬಸ್ಸು ತಪ್ಪುತ್ತೆ" ಅಂದ್ರು.

ಪೆನ್ನು ಮೇಜಿನ ಮೇಲಿಟ್ಟೆ. ಕೇಳಿದೆ: "ತೆಗೀಬೇಕು ಅಂದ್ರಲ್ಲ, ಏನನ್ನ ತೆಗೀತೀರಿ? ಕೀವನ್ನೋ, ಗುಲ್ಮವನ್ನೋ?"

"ಗುಲ್ಮವನ್ನೇ."

"ಕೀವು ಮಾತ್ರ ತೆಗೆಯೋಕೆ ಆಗಲ್ವಾ?"

ದೊಡ್ಡಪ್ಪ ನಕ್ಕರು. "ನಾಲ್ಕನೇ ಕ್ಲಾಸಿನ ಡಾಕ್ಟರಮ್ಮ ಬಂದ್ರು ನೋಡಿ!"

ಹೌದು, ನಾಲ್ಕನೇ ಕ್ಲಾಸೇ. ಉತ್ತರ ಬರೋ ತನಕ ಪೆನ್ನು ಮುಟ್ಟಲ್ಲ ಅಂದೆ.

ಅಷ್ಟು ಹೊತ್ತು ನಿಂತೇ ಮಾತಾಡ್ತಿದ್ದ ಡಾಕ್ಟರು ಆಗ ಕೂತ್ಕೊಂಡ್ರು. ಕೀವು ಒಂದೇ ಕಡೆ ನಿಂತಿದೆ, ಸ್ಕ್ಯಾನಲ್ಲಿ ನೋಡ್ಕೊಂಡು ಸೂಜಿ ಚುಚ್ಚಿ, ಟ್ಯೂಬ್ ಇಟ್ಟು ಹೊರಗೆ ಬಿಡಬಹುದು, ಜೊತೆಗೆ ಇಂಜೆಕ್ಷನ್. ಆದ್ರೆ ರಕ್ತ ಸೋರಬಹುದು, ಕೀವು ಮತ್ತೆ ತುಂಬಬಹುದು, ಆಗ ಆಪರೇಷನ್ನೇ ಗತಿ. ಗುಲ್ಮ ತೆಗೆದ್ರೆ ಈ ಕಾಟ ಒಂದೇ ಸಲಕ್ಕೆ ಮುಗಿಯುತ್ತೆ, ಆದ್ರೆ ಮುಂದೆ ಸಣ್ಣ ಸೋಂಕೂ ಜೋರಾಗಬಹುದು, ಇರೋ ತನಕ ಹುಷಾರಾಗಿರಬೇಕು ಅಂದ್ರು. ಅಪ್ಪನನ್ನ ಕೇಳಿದೆ. ಜ್ವರದಲ್ಲೇ, "ಹೊಟ್ಟೆ ನಂದು, ಟ್ಯೂಬೇ ಸಾಕು" ಅಂದ್ರು.

"ಮೊದಲು ಟ್ಯೂಬ್. ಆಗದಿದ್ರೆ ಗುಲ್ಮ ತೆಗೀರಿ, ನಾನೇ ಸಹಿ ಹಾಕ್ತೀನಿ. ಆದ್ರೆ ಹೇಳಿ ತೆಗೀರಿ" ಅಂದೆ. ಇದು ಜಗಳ ಆದ್ರೆ, ಜಗಳವೇ ಆಗಲಿ.

ಟ್ಯೂಬ್ ಇಟ್ಟು ಇವತ್ತಿಗೆ ಆರು ದಿನ. ಚೀಲಕ್ಕೆ ಬರೋ ಕೀವು ಕಮ್ಮಿಯಾಗಿದೆ, ಎರಡು ದಿನದಿಂದ ಜ್ವರ ಇಲ್ಲ. ನಾನು ಮಾತ್ರ ಗಳಿಗೆಗೊಮ್ಮೆ ಹಣೆ ಮುಟ್ತೀನಿ. "ನಿನ್ನ ಕೈಯೇ ಬಿಸಿ ಕಣೇ" ಅಂತ ಅಪ್ಪ ರೇಗ್ತಾರೆ. ಮತ್ತೆ ತುಂಬಿದ್ರೆ ಅನ್ನೋ ಹೆದರಿಕೆ ಹೋಗಿಲ್ಲ. ಹೆದರ್ತಾನೇ ಇರ್ತೀನಿ, ಕೇಳ್ತಾನೂ ಇರ್ತೀನಿ.

ನಿನ್ನ ಹೊಟ್ಟೆ ಯಾವತ್ತೂ ತಣ್ಣಗಿರಲಿ. ಯಾರ ಮುಂದೆಯೂ ನಿನ್ನ ಬಾಯಿ ಕಟ್ಟದಿರಲಿ.

ನಿನ್ನ ಅಮ್ಮ,
ಶ್ಯಾಮಳ

ಇನ್ನೊಂದು ಮಾತು: ಚಿಕ್ಕವಳಿದ್ದಾಗ ತಮ್ಮ ಬೇಕು ಅಂತ ಅಳ್ತಿದ್ದೆಯಲ್ಲ. ನೀನು ಹುಟ್ಟೋ ದಿನವೂ "ಎಡುಕ್ಕಣಂ" ಅಂತ ಇಂಥದೇ ಕಾಗದ ಚಾಚಿದ್ರು. ಮಗುವನ್ನ ತೆಗೀತಾರೆ ಅಂದ್ಕೊಂಡು ಸಹಿ ಹಾಕಿದೆ. ನಿನ್ನನ್ನ ತೆಗೆದ್ರು, ಗರ್ಭಕೋಶವನ್ನೂ ತೆಗೆದ್ರು. ತೆಗೀಲೇಬೇಕಿತ್ತೋ ಏನೋ. ನಾನು ಕೇಳಲಿಲ್ಲ.