ಹೆರಿಗೆ ಕೋಣೆಯ ಹೊರಗೆ

ಬಬ್ಬೂರು
ಫೆಬ್ರವರಿ 9, 2025

ಯೋಗೇಶನ ಅಪ್ಪನಿಗೆ ದೀಪಾ ಮಾಡುವ ನಮಸ್ಕಾರಗಳು.

ಕಲ್ಯಾಣದುರ್ಗದ ಕಡೆ ಕುರಿ ಹೊಡೆದುಕೊಂಡು ಹೋದಮೇಲೆ ನಿಮ್ಮ ಫೋನು ಸಿಗುತ್ತಲೇ ಇಲ್ಲ. ಜುಂಜಯ್ಯ ಮಾವ ನಾಳೆ ಮಂದೆಗೆ ರಾಗಿ ಹಿಟ್ಟು ತರುತ್ತಾರಂತೆ, ಅವರ ಕೈಲಿ ಇದನ್ನು ಕಳಿಸುತ್ತಿದ್ದೇನೆ. ನಮಗೆ ಹೆಣ್ಣು ಮಗು ಹುಟ್ಟಿದೆ. ಇಬ್ಬರೂ ಚೆನ್ನಾಗಿದ್ದೇವೆ. ಆಪರೇಷನ್ ಆಗಲಿಲ್ಲ.

ನೀವು ಈ ಸಲವೂ ಆಪರೇಷನ್ನೇ ಮಾಡಿಸಿಕೋ ಅಂದಿದ್ದಿರಿ. ಹಳೇ ಹೊಲಿಗೆ ಬಿಚ್ಚಿಕೊಂಡೀತು ಎಂಬ ಭಯ ನಿಮಗೆ. ನನಗೂ ಇತ್ತು. ಆದರೆ ಯೋಗಿ ಹುಟ್ಟಿದಾಗ, ಕೊಯ್ದ ಹೊಟ್ಟೆ ಹಿಡಿದು ಏಳುವಾಗಲೆಲ್ಲ ಬೆನ್ನಿಗೆ ಕೈ ಕೊಡಲು ಅವ್ವ ಇದ್ದಳು. ಈಗ ಅವಳೂ ಇಲ್ಲ. ಚಿತ್ರದುರ್ಗದ ಡಾಕ್ಟರಮ್ಮನನ್ನು ಕೇಳಿದೆ. “ಆವಾಗ ಮಗು ಅಡ್ಡ ಇತ್ತು, ಈ ಸಲ ತಲೆ ಕೆಳಗೈತೆ. ನೋಡಾಣ. ಆದ್ರೆ ಮಗು ಎದೆಬಡಿತ ಇಳಿದ್ರೆ ತಕ್ಷಣ ಆಪರೇಷನ್. ಆಗ ಬ್ಯಾಡ ಅನ್ಬಾರ್ದು” ಅಂದರು. ಒಪ್ಪಿದೆ. ದಿನ ತುಂಬುತ್ತಿದ್ದಂತೆ ಅಲ್ಲೇ ಹೋಗಿ ಸೇರಿಕೊಂಡೆ.

ಬೆಳಿಗ್ಗೆ ನೋವು ಶುರುವಾಯಿತು. ಹೊಟ್ಟೆಗೆ ಪಟ್ಟಿ ಕಟ್ಟಿದ್ದರು, ಮಗುವಿನ ಎದೆಬಡಿತ ಕೋಣೆಗೆಲ್ಲ ಕೇಳಿಸುತ್ತಿತ್ತು. ಮಧ್ಯಾಹ್ನ ಅದು ಒಮ್ಮೆ ತೀರಾ ನಿಧಾನವಾಯಿತು. ಡಾಕ್ಟರಮ್ಮ ಓಡಿಬಂದು ಆಪರೇಷನ್‌ಗೆ ಎಲ್ಲ ಸಿದ್ಧ ಮಾಡಿ ಅಂದರು. ನರ್ಸ್ ಅಂಜುಮ್ ನನ್ನನ್ನು ಎಡಮಗ್ಗುಲಿಗೆ ಹೊರಳಿಸಿ, “ಉಸಿರು ಬಿಗಿಹಿಡೀಬ್ಯಾಡ ಕಣಮ್ಮ, ಎಳ್ಕೋ, ಮಗೂಗೆ ಬೇಕು” ಅಂದರು. ಆ ಸದ್ದು ಮತ್ತೆ ಕುದುರುವವರೆಗೆ ನನಗೆ ಬೇರೇನೂ ಕೇಳಿಸಲಿಲ್ಲ. ಆಮೇಲೆ ಪಕ್ಕದ ಮಂಚದವಳು “ಅವ್ವಾ” ಅಂತ ಕೂಗುವುದು ಕೇಳಿಸಿತು. ನಾನು ಯಾರನ್ನು ಕೂಗಲಿ? ಹಲ್ಲು ಕಚ್ಚಿ ಮುಕ್ಕಿದೆ. ಸಂಜೆ ಮಗು ಹುಟ್ಟಿತು. ಒದ್ದೆಮೈಯಲ್ಲೇ ತಂದು ಎದೆಯ ಮೇಲೆ ಮಲಗಿಸಿದರು. ಯೋಗಿಯ ಮುಖ ನಾನು ಕಂಡಿದ್ದು ಮರುದಿನ. ಇವಳ ಮುಖ ಅವಳು ಅಳುವ ಮೊದಲೇ ಕಂಡೆ.

ಸ್ವಲ್ಪ ಹೊತ್ತಿಗೆ ಗೋಡೆ ಹಿಡಿದು ಎದ್ದು ನಡೆದೆ. ನೋಡಿ, ನಾನೇ ನಡೆದೆ ಅಂತ ಯಾರಿಗಾದರೂ ಹೇಳಬೇಕೆನಿಸಿತು. ವಾರ್ಡಿನಲ್ಲಿ ಎಲ್ಲರೂ ಅವರವರ ಕೂಸು ನೋಡುತ್ತಿದ್ದರು.

ಈಗ ಮನೆಗೆ ಬಂದಿದ್ದೇವೆ, ಇಲ್ಲಿ ನನಗೇನೂ ಕಷ್ಟವಿಲ್ಲ. ಯೋಗಿ ತಂಗಿಯ ಬೆರಳು ಬಿಡುವುದೇ ಇಲ್ಲ. ನೀವು ಆತುರ ಪಡಬೇಡಿ. ಮೇವು ಇರುವಷ್ಟು ದಿನ ಅಲ್ಲೇ ಇದ್ದು ಬನ್ನಿ.

ಇಂತಿ ನಿಮ್ಮ
ದೀಪಾ

ಮತ್ತೊಂದು ಮಾತು: ಯೋಗಿಗೆ ಜ್ವರ ಬಂದದ್ದರಿಂದ ಅತ್ತೆಗೆ ಆಸ್ಪತ್ರೆಗೆ ಬರಲಾಗಲಿಲ್ಲ. ಅವರನ್ನು ಏನೂ ಕೇಳಬೇಡಿ. ಮಗು ಹುಟ್ಟಿದ ಮೇಲೆ ಅಂಜುಮ್ ಬಾಗಿಲು ತೆರೆದು, “ದೀಪಾ ರಂಗೇಶ್ ಕಡೇರು ಯಾರಿದೀರ್ರಿ? ಬರ್ರಿ, ಹೆಣ್ಣು ಮಗು” ಅಂತ ಕೂಗಿದರು. ಯಾರೂ ಬರಲಿಲ್ಲ. ಇನ್ನೊಮ್ಮೆ ಕೂಗಿದರು. ಮಂಚದ ಮೇಲಿಂದ ನಾನೇ “ಓ” ಅಂದೆ.